ತಪ್ಪಿದ ಓಟಗಳ ಬಾಕಿ

(ಮೈಸೂರಿನ ಬಡಾವಣೆಯೊಂದರ ಸಮುದಾಯ ಭವನದಲ್ಲಿ, ಬೆಳಗಿನ ನಡಿಗೆಗೆ ಬರುವವರು ಏರ್ಪಡಿಸಿದ್ದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳನ್ನು ಅಲ್ಪಸ್ವಲ್ಪ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ಈಗಷ್ಟೇ ನನ್ನನ್ನು ‘ಮ್ಯಾರಥಾನ್ ಓಟಗಾರ್ತಿ’ ಎಂದು ಪರಿಚಯಿಸಿದರು. ಅದರಲ್ಲಿ ಎರಡು ತಿದ್ದುಪಡಿಗಳಿವೆ. ನಾನು ಓಡಿದ್ದು ಅರ್ಧ ಮ್ಯಾರಥಾನ್. ಆ ಅರ್ಧದಲ್ಲೂ ಐದು ನಿಮಿಷಕ್ಕೊಂದು ನಿಮಿಷ ನಡೆದೆ. ಸಹಕಾರ ಸಂಘವೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿರುವವಳು ನಾನು. ತಪ್ಪು ಜಮೆ ಕಣ್ಣಿಗೆ ಬಿದ್ದರೆ ಸುಮ್ಮನಿರಲು ಆಗುವುದಿಲ್ಲ, ಅದು ನನ್ನ ಹೆಸರಿಗೇ ಆಗಿದ್ದರೂ.

ಆ ಸ್ವಭಾವವೇ ನನ್ನ ಕಾಲಿಗೆ ಹೇಗೆ ಮುಳುವಾಯಿತು ಎನ್ನುವುದೇ ಇವತ್ತಿನ ಕಥೆ.

ಮೊದಲು ದೂರ ಸರಿಯಾಗಿ ಹೇಳಿಬಿಡುತ್ತೇನೆ. ಅರ್ಧ ಮ್ಯಾರಥಾನ್ ಎಂದರೆ 21.0975 ಕಿ.ಮೀ. ಎಲ್ಲರೂ ಇಪ್ಪತ್ತೊಂದು ಎಂದು ಹೇಳಿ ಮುಗಿಸುತ್ತಾರೆ. ಉಳಿದ 97.5 ಮೀಟರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಮನೆತನದ ಆಸನಗಳ ಮುಂದೆ ಓಟ ಮುಗಿಯುವಂತೆ ಅಳೆದರು, 42.195 ಕಿ.ಮೀ. ಬಂತು. 1921ರಲ್ಲಿ ಅದೇ ಅಧಿಕೃತ ದೂರವಾಯಿತು. ಅರಮನೆಯವರ ಅನುಕೂಲಕ್ಕೆ ಬಂದ ಆ ಚಿಲ್ಲರೆಯ ಅರ್ಧವನ್ನು ನೂರಾ ಹದಿನಾರು ವರ್ಷದ ನಂತರ ನಾಲೆಯ ಏರಿಯ ಮೇಲೆ ನಾನು ತೆತ್ತೆ. ಹೇಗೆ ತೆತ್ತೆ ಎಂದು ಆಮೇಲೆ ಹೇಳುತ್ತೇನೆ.

2024ರ ಮಾತು. ಶ್ರೀರಂಗಪಟ್ಟಣದ ಆಚೆ ನಾಲೆಯ ಏರಿಯ ಮೇಲೆ ಸೆಪ್ಟೆಂಬರ್ 22ರ ಭಾನುವಾರ ಓಟವಿತ್ತು. ಜೂನ್ 3ರ ಸೋಮವಾರ ತಾಲೀಮು ಶುರು ಮಾಡಿದೆ. ಹದಿನಾರು ವಾರ, ವಾರಕ್ಕೆ ನಾಲ್ಕು ದಿನ. ಒಂದು ದೊಡ್ಡ ಹಾಳೆಯಲ್ಲಿ ಚೌಕ ಹಾಕಿ, ಪ್ರತಿ ಚೌಕದಲ್ಲಿ ಅಂದಿನ ಕಿಲೋಮೀಟರ್ ಬರೆದು, ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಓಡಿದರೆ ಹಸಿರು ಗುರುತು, ತಪ್ಪಿದರೆ ಕೆಂಪು. ಐದು ವಾರ ಕೆಂಪು ಪೆನ್ನಿನ ಮುಚ್ಚಳ ತೆಗೆಯುವ ಪ್ರಸಂಗವೇ ಬರಲಿಲ್ಲ. ಜುಲೈ 7ರ ಭಾನುವಾರ ಕುಕ್ಕರಹಳ್ಳಿ ಕೆರೆಯನ್ನು ಮೂರು ಸುತ್ತು ಹಾಕಿ, ಮೇಲೊಂದಿಷ್ಟು ಸೇರಿಸಿ ಹದಿನಾಲ್ಕು ಕಿ.ಮೀ. ಮುಗಿಸಿದೆ. ಮನೆಗೆ ಬಂದು ಮೂರು ಮಸಾಲೆ ದೋಸೆ ತಿಂದೆ. ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಓಟ ಮುಗಿಸುತ್ತೇನೆ ಎಂದು ಮನೆಯವರಿಗೆಲ್ಲ ಸಾರಿದೆ. ನಲವತ್ತಾರು ವರ್ಷದವಳಿಗೆ ಇದೇನೂ ಅಹಂಕಾರವಲ್ಲ ಎಂದುಕೊಂಡಿದ್ದೆ.

ನಾಲ್ಕು ದಿನದ ನಂತರ, ಗುರುವಾರ, ಕಚೇರಿಯಲ್ಲಿ ಕೂತಿದ್ದಾಗ ಕಣ್ಣುಗುಡ್ಡೆಯ ಹಿಂದೆ ನೋವು ಶುರುವಾಯಿತು. ಸಂಜೆಗೆ ಜ್ವರ. ಮೂರನೆಯ ದಿನಕ್ಕೆ ಡೆಂಗಿ ಎಂದು ಖಚಿತವಾಯಿತು. ಪ್ಲೇಟ್‌ಲೆಟ್ 48,000ಕ್ಕೆ ಇಳಿದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಆ ವರ್ಷ ಕರ್ನಾಟಕದಲ್ಲಿ ಡೆಂಗಿ ಹರಡಿದ್ದ ರೀತಿ ನಿಮಗೆ ನೆನಪಿರಬಹುದು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ನೀರು ನಿಲ್ಲಲು ಬಿಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ನಮ್ಮ ಮನೆಯ ಅಪರಾಧಿ ತಾರಸಿಯಲ್ಲಿದ್ದ ದಾಸವಾಳದ ಕುಂಡದ ಕೆಳಗಿನ ತಟ್ಟೆ ಎಂದು ನನ್ನ ಅನುಮಾನ. ಸಾಕ್ಷಿಯಿಲ್ಲ.

ಮಲಗಿದಲ್ಲಿಂದಲೇ ಟಿ.ವಿ.ಯಲ್ಲಿ ಕೆಆರ್‌ಎಸ್ ತುಂಬಿದ್ದನ್ನು ನೋಡಿದೆ. 124.80 ಅಡಿ, ಗರಿಷ್ಠ ಮಟ್ಟ. ಹಿಂದಿನ ವರ್ಷದ ಬರದಲ್ಲಿ ಸೊರಗಿದ್ದ ಕಾವೇರಿ ಎರಡೂ ದಡ ಮುಟ್ಟಿ ಹರಿಯುತ್ತಿದ್ದಳು. ಎಲ್ಲರೂ ಸಂಭ್ರಮಪಡುತ್ತಿದ್ದರೆ, ನಾನು ಓಡಬೇಕಾದ ಏರಿಯ ಪಕ್ಕದ ನಾಲೆಗೆ ಈ ವರ್ಷ ನೀರು ಬರುತ್ತದೆ, ಆದರೆ ಏರಿಯ ಮೇಲೆ ನಾನಿರುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದೆ. ಜ್ವರ ಬಿಟ್ಟ ಮೇಲೂ ಎರಡು ವಾರ ಸ್ನಾನ ಮುಗಿಸಿ ಬಂದರೆ ಸುಸ್ತಾಗಿ ಕುಳಿತುಬಿಡುತ್ತಿದ್ದೆ. ಡೆಂಗಿ ಬಂದವರಿಗೆ ಈ ನಿತ್ರಾಣ ಗೊತ್ತು, ಬರದವರಿಗೆ ಹೇಳಿ ಪ್ರಯೋಜನವಿಲ್ಲ.

ಆಗಸ್ಟ್ 8ರಂದು, ಸರಿಯಾಗಿ ನಾಲ್ಕು ವಾರದ ನಂತರ, ರಕ್ತಪರೀಕ್ಷೆ ನೋಡಿ ವೈದ್ಯರು ಓಡಬಹುದು ಎಂದರು. ‘ನಿಧಾನವಾಗಿ’ ಎಂದೂ ಹೇಳಿದರು. ಆ ಎರಡನೆಯ ಪದ ನನ್ನ ಕಿವಿಗೆ ಬೀಳಲಿಲ್ಲ. ಆ ಸಂಜೆ ಕೆರೆಯ ಏರಿಯ ಮೇಲೆ ಎರಡು ಕಿ.ಮೀ. ಓಡಿದೆ. ಮೊದಲು ಆ ವೇಗದಲ್ಲಿ ನಿಮಿಷಕ್ಕೆ 145ರ ಆಸುಪಾಸು ಇರುತ್ತಿದ್ದ ಎದೆಬಡಿತ 170 ದಾಟಿತು. ಪಕ್ಕದಲ್ಲಿ ಫೋನಿನಲ್ಲಿ ಮಾತಾಡುತ್ತಾ ನಡೆಯುತ್ತಿದ್ದ ಯಜಮಾನರೊಬ್ಬರು ನನ್ನನ್ನು ಹಿಂದೆ ಹಾಕಿ ಹೋದರು. ಅವರ ಮಾತೂ ನಿಲ್ಲಲಿಲ್ಲ.

ಆ ರಾತ್ರಿ ನಾನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಾಲೀಮಿನ ನಡುವೆ ಬಿಡುವು ಬಿದ್ದ ಯಾರೇ ಆಗಲಿ ಇದನ್ನು ಒಂದಲ್ಲ ಒಂದು ರೂಪದಲ್ಲಿ ಮಾಡಿರುತ್ತಾರೆ.

ಹಾಳೆಯ ಮುಂದೆ ನಿಂತು ತಪ್ಪಿದ ನಾಲ್ಕು ವಾರಗಳ ಚೌಕಗಳನ್ನು ಕೂಡಿದೆ. 26, 28, 24, 30. ಒಟ್ಟು 108 ಕಿ.ಮೀ. ಬಾಕಿ. ಉಳಿದದ್ದು ಆರು ವಾರ. 108ನ್ನು ಆರರಿಂದ ಭಾಗಿಸಿದರೆ ವಾರಕ್ಕೆ 18. ಅಂದರೆ ಪ್ರತಿ ವಾರದ ನಿಗದಿಯ ಮೇಲೆ ಹದಿನೆಂಟು ಕಿ.ಮೀ. ಹೆಚ್ಚುವರಿ ಕಂತು ಕಟ್ಟುತ್ತಾ ಹೋದರೆ ಸೆಪ್ಟೆಂಬರ್ 22ಕ್ಕೆ ಖಾತೆ ಚುಕ್ತಾ. ನಮ್ಮ ಸಂಘದಲ್ಲಿ ಬೆಳೆಸಾಲ ಬಾಕಿ ಉಳಿಸಿಕೊಂಡವರಿಗೆ ನಾವು ಮಾಡಿಕೊಡುವ ಮರುಪಾವತಿ ಪಟ್ಟಿ ಹೀಗೇ ಇರುತ್ತದೆ. ಪೈಸೆಗೆ ಪೈಸೆ ತಾಳೆಯಾಯಿತು. ನೆಮ್ಮದಿಯಿಂದ ಮಲಗಿದೆ.

ಮುಂದಿನ ಒಂಬತ್ತು ದಿನ ನಾಲ್ಕು, ಐದು, ಆರು, ಎಂಟು ಕಿ.ಮೀ. ಹೀಗೆ ಏರಿಸುತ್ತಾ ಹೋದೆ. ಆಶ್ಚರ್ಯವೆಂದರೆ ದಿನದಿಂದ ದಿನಕ್ಕೆ ಹಗುರವಾಗುತ್ತಿತ್ತು. ಏದುಸಿರು ಕಡಿಮೆಯಾಯಿತು. ಎದೆಬಡಿತ 155ಕ್ಕೆ ಇಳಿಯಿತು. ನೋಡಿದಿರಾ, ದೇಹ ಕಂತು ಕಟ್ಟುತ್ತಿದೆ ಎಂದುಕೊಂಡೆ. ಆಗಸ್ಟ್ 18ರ ಭಾನುವಾರ ದೊಡ್ಡ ಕಂತು, ಹದಿನಾರು ಕಿ.ಮೀ.

ಹದಿಮೂರು ಮುಗಿಯುವವರೆಗೆ ಏನೂ ಇಲ್ಲ. ಕೆರೆಯ ಏರಿಯ ತಿರುವಿನಲ್ಲಿ ಎಡಗಾಲಿನ ಮೀನಖಂಡಕ್ಕೆ ಯಾರೋ ಕಲ್ಲು ಹೊಡೆದರು. ನಿಜವಾಗಿಯೂ ಹಾಗೇ ಅನ್ನಿಸಿತು, ಸಣ್ಣ ಕಲ್ಲು, ಹತ್ತಿರದಿಂದ. ಕೋಪದಿಂದ ಹಿಂದಿರುಗಿ ನೋಡಿದೆ. ಅಲ್ಲಿ ಕ್ಯಾಮೆರಾ ಹಿಡಿದು ಹೆಜ್ಜಾರ್ಲೆಯ ಫೋಟೊ ತೆಗೆಯುತ್ತಿದ್ದ ಒಬ್ಬ ಹುಡುಗನಿದ್ದ. ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಮತ್ತೊಂದು ಹೆಜ್ಜೆ ಇಟ್ಟಾಗ ಕಲ್ಲು ಎಲ್ಲಿಂದ ಬಂತೆಂದು ಗೊತ್ತಾಯಿತು. ಒಳಗಿನಿಂದ. ಕೆರೆಯ ಗೇಟಿನವರೆಗೆ ಕುಂಟುತ್ತಾ ಬಂದು ಆಟೊ ಹಿಡಿದೆ.

ಸಂಜೆ ಕೆಂಪು ಪೆನ್ನು ಹಿಡಿದು ಅಡುಗೆಮನೆಗೆ ಹೋದರೆ ಕಪಾಟಿನ ಬಾಗಿಲಲ್ಲಿ ನನ್ನ ಚೌಕಗಳಿರಲಿಲ್ಲ. ಹಾಳೆಯನ್ನು ತಿರುಗಿಸಿ ಅಂಟಿಸಲಾಗಿತ್ತು. ಖಾಲಿ ಬೆನ್ನಿನ ಮೇಲೆ ಅತ್ತೆಯವರ ದುಂಡನೆಯ ಅಕ್ಷರದಲ್ಲಿ ಹೂವಿನ ಲೆಕ್ಕ: ತಾರೀಖು, ಮಲ್ಲಿಗೆ ಎಷ್ಟು ಮೊಳ, ಸೇವಂತಿಗೆ ಎಷ್ಟು, ಕೊಟ್ಟದ್ದೆಷ್ಟು.

‘ಏನತ್ತೆ ಇದು?’ ಎಂದೆ.

‘ನಾಲ್ಕು ವಾರದಿಂದ ಅದರಲ್ಲಿ ನೀನು ಏನೂ ಬರೆದಿರಲಿಲ್ಲವಲ್ಲ, ಮುಗಿಯಿತೇನೋ ಅಂದುಕೊಂಡೆ’ ಎಂದರು. ಕೋಪ ಬಂತು. ಕಾಲು ನೋಯುತ್ತಿದ್ದುದರಿಂದ ಜಗಳಕ್ಕೆ ನಿಲ್ಲಲಾಗಲಿಲ್ಲ.

ಮರುದಿನ ಫಿಸಿಯೋಥೆರಪಿಯವರ ಬಳಿ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಮೀನಖಂಡವನ್ನು ಒತ್ತಿ ನೋಡಿ, ಸ್ನಾಯು ಸ್ವಲ್ಪ ಹರಿದಿದೆ, ಹತ್ತು ದಿನ ಓಟ ಬೇಡ ಎಂದರು. ನಾನು 108ರ ಲೆಕ್ಕ ಹೇಳಿದೆ. ಅವರು ನಗಲಿಲ್ಲ. ‘ಮೇಡಂ, ಎದೆ ಬೇಗ ವಾಪಸು ಬರುತ್ತದೆ. ಕಾಲು ಅದರ ಜೊತೆಗೆ ಬರುವುದಿಲ್ಲ. ನೀವು ಎದೆಯ ಮಾತು ಕೇಳಿ ಕಾಲಿನಿಂದ ಕೆಲಸ ತೆಗೆದಿರಿ’ ಎಂದರು.

ಮನೆಗೆ ಬಂದು ಈ ಮಾತಿನ ಬುಡ ಹುಡುಕಿ ಒಂದಿಷ್ಟು ಓದಿದೆ. ಓಟ ನಿಲ್ಲಿಸಿದಾಗ ಮೊದಲು ಇಳಿಯುವುದು ರಕ್ತದ ಪ್ರಮಾಣ, ಅದರಲ್ಲೂ ಪ್ಲಾಸ್ಮಾ ಎಂಬ ನೀರಿನಂಶ. ಒಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಆ ಕೊರತೆ ತುಂಬಲು ಅದು ಹೆಚ್ಚು ಸಲ ಬಡಿಯಬೇಕು. ನನ್ನ 170 ಬಂದದ್ದು ಹೀಗೆ. ವರ್ಷಗಟ್ಟಲೆ ತಾಲೀಮು ಮಾಡಿದವರನ್ನು ಪೂರ್ತಿ ನಿಲ್ಲಿಸಿ ನೋಡಿದ ಒಂದು ಪ್ರಸಿದ್ಧ ಅಧ್ಯಯನವಿದೆ, ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಜೊತೆಯವರು 1984ರಲ್ಲಿ ಪ್ರಕಟಿಸಿದ್ದು. ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಮೊದಲ ಮೂರು ವಾರದಲ್ಲಿ ಸುಮಾರು 7% ಇಳಿಯಿತು, ಹನ್ನೆರಡು ವಾರಕ್ಕೆ ಸುಮಾರು 16%. ನಾನು ಇದನ್ನು ಎರಡೆರಡು ಸಲ ಓದಿದೆ. ನಾಲ್ಕು ವಾರ ಮಲಗಿದ್ದಕ್ಕೆ ಎಲ್ಲವೂ ಸೊನ್ನೆಯಾಯಿತು ಎಂದುಕೊಂಡು ನಾನು 108ರ ಪಟ್ಟಿ ಬರೆದಿದ್ದೆ. ಅದೇ ಅಧ್ಯಯನದ ಇನ್ನೊಂದು ಸಾಲು ನನಗೆ ಇನ್ನೂ ಇಷ್ಟವಾಯಿತು: ತಾಲೀಮಿನಿಂದ ಸ್ನಾಯುಗಳಲ್ಲಿ ಹುಟ್ಟಿದ ಸೂಕ್ಷ್ಮ ರಕ್ತನಾಳಗಳ ಜಾಲ ಆ ಹನ್ನೆರಡು ವಾರದಲ್ಲೂ ಕರಗಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಚಾಲ್ತಿ ಖಾತೆ ಇಳಿದಿತ್ತು, ನಿಶ್ಚಿತ ಠೇವಣಿ ಹಾಗೇ ಇತ್ತು. ಅವರೆಲ್ಲ ಜ್ವರ ಬಂದು ಮಲಗಿದವರಲ್ಲ, ಬೇಕೆಂದೇ ನಿಲ್ಲಿಸಿದ ಗಟ್ಟಿಗರು. ನನ್ನ ಅಂಕಿ ಅಷ್ಟು ಚೆನ್ನಾಗಿರಲಾರದು, ಒಪ್ಪುತ್ತೇನೆ.

ಇಳಿದ ರಕ್ತದ ಪ್ರಮಾಣ ಮತ್ತೆ ಓಡತೊಡಗಿದರೆ ದಿನಗಳ ಲೆಕ್ಕದಲ್ಲಿ ಏರುತ್ತದೆ. ನನಗೆ ದಿನದಿಂದ ದಿನಕ್ಕೆ ಹಗುರವೆನ್ನಿಸಿದ್ದು ಅದಕ್ಕೇ. ಸ್ನಾಯುರಜ್ಜು, ಮೂಳೆ ಇವುಗಳದು ವಾರ, ತಿಂಗಳುಗಳ ಲೆಕ್ಕ. ಅವುಗಳಿಗೆ ಏದುಸಿರಿನಂತಹ ಎಚ್ಚರಿಕೆಯ ಗಂಟೆಯೂ ಇಲ್ಲ. ಎಷ್ಟೋ ಸಲ ಮುರಿಯುವವರೆಗೆ ಸುಮ್ಮನಿರುತ್ತವೆ.

ಇನ್ನೊಂದು ಅಧ್ಯಯನ ಓಟ ಮುಗಿದ ಮರುವರ್ಷ, 2025ರಲ್ಲಿ ಬಂತು. ಐದು ಸಾವಿರಕ್ಕೂ ಹೆಚ್ಚು ಓಟಗಾರರನ್ನು ಗಮನಿಸಿ ಬರೆದದ್ದು. ಕಳೆದ ಮೂವತ್ತು ದಿನಗಳಲ್ಲಿ ನೀವು ಓಡಿದ ಅತಿ ಉದ್ದದ ಓಟಕ್ಕಿಂತ ಶೇಕಡ ಹತ್ತಕ್ಕೂ ಹೆಚ್ಚು ದೂರವನ್ನು ಒಂದೇ ದಿನ ಓಡಿದರೆ ಗಾಯದ ಸಾಧ್ಯತೆ ಏರುತ್ತದೆ ಎಂದು ಅದು ಹೇಳುತ್ತದೆ. ನನ್ನ ಆ ಭಾನುವಾರ ನೋಡಿ. ಮೂವತ್ತು ದಿನದ ಅತಿ ಉದ್ದದ ಓಟ ಎಂಟು ಕಿ.ಮೀ., ನಾನು ಹೊರಟದ್ದು ಹದಿನಾರಕ್ಕೆ. ಶೇಕಡ ಹತ್ತಲ್ಲ, ಶೇಕಡ ನೂರು. ಇಂತಹ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ಓದದೆ ತಿರಸ್ಕರಿಸುತ್ತಿದ್ದೆ.

ಈ ಹತ್ತು ದಿನದ ಎರಡನೆಯ ವನವಾಸದಲ್ಲಿ ನನ್ನ ಮೈದುನ ಧೈರ್ಯ ತುಂಬಲು ವಾಟ್ಸ್ಆ್ಯಪ್‌ನಲ್ಲಿ ಎರಡು ಕಥೆ ಕಳಿಸಿದ. ಎರಡೂ ನಿಜವಾದ ಕಥೆಗಳೇ. ಒಂದು ಚೆಕೊಸ್ಲೊವಾಕಿಯಾದ ಎಮಿಲ್ ಝಾಟೊಪೆಕ್‌ನದು. 1950ರಲ್ಲಿ ಬ್ರಸೆಲ್ಸ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ಮುಂಚೆ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದ್ದ. ಎದ್ದು ಬಂದವನೇ 5,000 ಮತ್ತು 10,000 ಮೀಟರ್ ಎರಡನ್ನೂ ಭಾರಿ ಅಂತರದಲ್ಲಿ ಗೆದ್ದ. ಇನ್ನೊಂದು ಅಮೆರಿಕದ ಜೋನ್ ಬೆನೊಯಿಟ್‌ಳದು. 1984ರಲ್ಲಿ ಒಲಿಂಪಿಕ್ಸ್ ಆಯ್ಕೆಯ ಮ್ಯಾರಥಾನ್‌ಗೆ ಹದಿನೇಳು ದಿನ ಇರುವಾಗ ಮಂಡಿಗೆ ಶಸ್ತ್ರಚಿಕಿತ್ಸೆ. ಆಯ್ಕೆಯ ಓಟ ಗೆದ್ದಳು, ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನನ್ನೂ 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದಳು.

ಓದಿ ರೋಮಾಂಚನವಾಯಿತು. ಆಮೇಲೆ ಸ್ವಲ್ಪ ಹೊತ್ತು ಕೂತು ಯೋಚಿಸಿದರೆ ಕಥೆಯಲ್ಲಿ ಕಾಣದ ಒಂದು ಅಂಕಣ ಕಾಣಿಸಿತು. ಒಂದೇ ದಿನದಲ್ಲಿ 400 ಮೀಟರ್‌ನ ಹತ್ತಾರು ಸುತ್ತುಗಳನ್ನು ಓಡುವುದೇ ಝಾಟೊಪೆಕ್‌ನ ನಿತ್ಯದ ತಾಲೀಮಾಗಿತ್ತು. ಅಂಥವನಿಗೆ ಎರಡು ವಾರದ ಹಾಸಿಗೆ ಎಂದರೆ ಕೂಡಿಟ್ಟ ಆಯಾಸ ಕಳೆಯುವ ವಿಶ್ರಾಂತಿ. ಅವನು ಆಸ್ಪತ್ರೆಯಿಂದ ಬಂದು ತಪ್ಪಿದ ಸುತ್ತುಗಳನ್ನು ತೀರಿಸಲು ಕೂರಲಿಲ್ಲ, ನೇರ ಓಟಕ್ಕೆ ನಿಂತ. ಬೆನೊಯಿಟ್‌ಗೂ ಹದಿನೇಳು ದಿನದಲ್ಲಿ ಏನನ್ನೂ ಕಟ್ಟುವ ಅವಕಾಶವಿರಲಿಲ್ಲ, ಮೊದಲೇ ಕಟ್ಟಿದ್ದು ಉಳಿದಿತ್ತು. ಇಂತಹ ಕಥೆ ಕಳಿಸುವವರು ಗೆಲುವನ್ನು ಕಳಿಸುತ್ತಾರೆ, ಹಿಂದಿನ ಹತ್ತು ವರ್ಷವನ್ನು ಕಳಿಸುವುದಿಲ್ಲ. ನನ್ನ ಹಿಂದೆ ಇದ್ದದ್ದು ಐದು ವಾರದ ಹಸಿರು ಗುರುತು ಮತ್ತು ಮೂರು ಮಸಾಲೆ ದೋಸೆ.

ಆಗಸ್ಟ್ 28ಕ್ಕೆ ಮತ್ತೆ ಓಡಲು ಅನುಮತಿ ಸಿಕ್ಕಿತು. ಉಳಿದದ್ದು ಇಪ್ಪತ್ತೈದು ದಿನ. ಈ ಸಲ ನಾನು ಹಾಳೆಯ ಹತ್ತಿರ ಹೋಗಲಿಲ್ಲ, ಅದರಲ್ಲಿ ಹೇಗೂ ಹೂವಿನ ಲೆಕ್ಕವಿತ್ತು. ನಮ್ಮ ಸಂಘದಲ್ಲಿ ಯಾವ ರೀತಿಯಲ್ಲೂ ವಸೂಲಾಗದ ಸಾಲವನ್ನು ಕೊನೆಗೆ ಆಡಳಿತ ಮಂಡಳಿಯ ಮುಂದಿಟ್ಟು ವಜಾ ಹಾಕುತ್ತೇವೆ. ಹಾಕುವವರೆಗೆ ಎಲ್ಲರಿಗೂ ಸಂಕಟ, ಹಾಕಿದ ಮರುದಿನ ಪುಸ್ತಕ ಎಷ್ಟು ಚೊಕ್ಕವಾಗಿ ಕಾಣುತ್ತದೆ ಎಂದರೆ, ಇದನ್ನು ಮೊದಲೇ ಏಕೆ ಮಾಡಲಿಲ್ಲ ಅನ್ನಿಸುತ್ತದೆ. 108 ಕಿ.ಮೀ.ಯನ್ನು, ಜೊತೆಗೆ ಹೊಸದಾಗಿ ಸೇರಿದ ಹತ್ತು ದಿನದ ಬಾಕಿಯನ್ನು, ಎರಡು ಗಂಟೆ ಇಪ್ಪತ್ತು ನಿಮಿಷದ ಗುರಿಯನ್ನು ಒಟ್ಟಿಗೆ ವಜಾ ಹಾಕಿದೆ. ಗುರಿಯನ್ನು ಬಿಡುವುದೇ ಕಷ್ಟವಾಯಿತು, ಏಕೆಂದರೆ ಅದನ್ನು ಊರಿಗೆಲ್ಲ ಹೇಳಿದ್ದೆ.

ಉಳಿದ ದಿನಗಳಿಗೆ ಒಂದು ಸಣ್ಣ ಯೋಜನೆ. ವಾರದಲ್ಲಿ ಎರಡು ದಿನ ಮಾತಾಡುತ್ತಾ ಓಡಬಹುದಾದಷ್ಟು ನಿಧಾನದ ಅರ್ಧ ಗಂಟೆಯ ಓಟ. ದಿನವೂ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು. ಭಾನುವಾರ ಉದ್ದದ ಓಟ: ಸೆಪ್ಟೆಂಬರ್ 1ಕ್ಕೆ ಎಂಟು ಕಿ.ಮೀ., 8ಕ್ಕೆ ಹನ್ನೆರಡು, 15ಕ್ಕೆ ಹದಿನೈದು. ಏಳನೆಯ ತಾರೀಖು ಗಣೇಶ ಚತುರ್ಥಿ, ಆದ್ದರಿಂದ ಎಂಟರ ಹನ್ನೆರಡು ಕಿ.ಮೀ. ಓಡಿದ್ದು ಕಡುಬು ಎಂದೇ ಹೇಳಬೇಕು. ಈ ಅಂಕಿಗಳನ್ನು ಆಗಲೇ ಹೇಳಿದ ಶೇಕಡ ಹತ್ತರ ತಕ್ಕಡಿಯಲ್ಲಿಟ್ಟು ನೋಡಿದರೆ ಕೊನೆಯ ಹದಿನೈದು ಪಾಸಾಗುವುದಿಲ್ಲ. ಹದಿನೈದರಿಂದ ಇಪ್ಪತ್ತೊಂದಕ್ಕೆ ಹಾರುವುದಂತೂ ಆಗುವುದೇ ಇಲ್ಲ. ಆಗ ಆ ಅಧ್ಯಯನ ಬಂದಿರಲಿಲ್ಲ ಎಂಬುದು ನೆಪ. ಮುಟ್ಟಿದರೆ ನೋಯುವ ಮೀನಖಂಡ ನನ್ನ ಬಳಿಯೇ ಇತ್ತಲ್ಲ. ಅಪಾಯವಿದೆ ಎಂದು ಗೊತ್ತಿದ್ದೇ ಹೊರಟೆ, ಅದನ್ನು ತಗ್ಗಿಸಲು ನಡಿಗೆಯನ್ನು ಸೇರಿಸಿದೆ.

ಓಡುವುದು, ನಡೆಯುವುದು, ಮತ್ತೆ ಓಡುವುದು ಎಂಬ ಈ ಕ್ರಮವನ್ನು ಜನಪ್ರಿಯಗೊಳಿಸಿದವರು ಜೆಫ್ ಗ್ಯಾಲೊವೇ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಇದರಲ್ಲಿ ಮುಖ್ಯವಾದದ್ದು ಒಂದೇ. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಮೊದಲ ಕಿಲೋಮೀಟರಿನಿಂದಲೇ ನಡೆಯಬೇಕು. ನಾನು ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಗೊತ್ತುಮಾಡಿಕೊಂಡೆ. ಕಿ.ಮೀ.ಗೆ ಏಳೂಕಾಲು ನಿಮಿಷದ ಓಟ, ಹನ್ನೊಂದು ನಿಮಿಷದ ನಡಿಗೆ ಎಂದಿಟ್ಟುಕೊಂಡರೆ ಸರಾಸರಿ ಏಳು ನಿಮಿಷ ನಲವತ್ತೇಳು ಸೆಕೆಂಡು, ಒಟ್ಟು ಎರಡು ಗಂಟೆ ನಲವತ್ತನಾಲ್ಕು ನಿಮಿಷ. ಮೊದಲ ಗುರಿಗಿಂತ ಇಪ್ಪತ್ತನಾಲ್ಕು ನಿಮಿಷ ಹೆಚ್ಚು. ಐದು ನಿಮಿಷಕ್ಕೊಂದು ನಿಮಿಷ ನಡೆದರೂ ಹೋಗುವ ಸಮಯ ಇಷ್ಟೇ ಎಂದು ನನಗೇ ನಂಬಿಕೆ ಬರದೆ ಕ್ಯಾಲ್ಕುಲೇಟರ್‌ನಲ್ಲಿ ಮೂರು ಸಲ ಹಾಕಿ ನೋಡಿದೆ.

ಓಟದ ದಿನ ಬೆಳಿಗ್ಗೆ ಆರಕ್ಕೆ ನಾಲೆಯ ಮೇಲೆ ತೆಳುವಾದ ಮಂಜು. ನೀರು ಅಂಚಿನವರೆಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಒಂದು ಕಡೆ ನಾಟಿ ಮುಗಿದ ಗದ್ದೆ, ಇನ್ನೊಂದು ಕಡೆ ಕಬ್ಬು. ಓಟ ಶುರುವಾಗಿ ಸರಿಯಾಗಿ ನಾಲ್ಕು ನಿಮಿಷಕ್ಕೆ ನನ್ನ ಗಡಿಯಾರ ಕಿರುಗುಟ್ಟಿತು, ನಡೆಯತೊಡಗಿದೆ. ಇಷ್ಟು ಬೇಗ ನಡೆಯಲು ಎಷ್ಟು ಧೈರ್ಯ ಬೇಕು ಎಂದು ಅನುಭವಿಸಿದವರಿಗೇ ಗೊತ್ತು. ಹಿಂದಿನವರೆಲ್ಲ ನನ್ನನ್ನು ದಾಟಿದರು. ಒಬ್ಬ ಯುವಕ ಬೆನ್ನು ತಟ್ಟಿ ‘ಬನ್ನಿ ಆಂಟಿ, ಆಗುತ್ತೆ’ ಎಂದ. ಹನ್ನೆರಡನೆಯ ಕಿ.ಮೀ.ಯಲ್ಲಿ ಅವನು ಹುಣಸೆಮರಕ್ಕೆ ಕೈಕೊಟ್ಟು ನಿಂತಿದ್ದ. ನಾನು ಬೆನ್ನು ತಟ್ಟಲಿಲ್ಲ, ನೀರಿನ ಬಾಟಲಿ ಕೊಟ್ಟೆ. ಸಣ್ಣತನ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಳಲಾರೆ.

ನಾಲ್ಕನೆಯ ಕಿ.ಮೀ. ಹತ್ತಿರ ಸೋಪಾನದ ಕಲ್ಲಿನ ಮೇಲೆ ಅಜ್ಜಿಯೊಬ್ಬರು ಬಟ್ಟೆ ಒಗೆಯುತ್ತಿದ್ದರು. ನಾನು ಅಲ್ಲಿಗೆ ಬರುವುದಕ್ಕೂ ಗಡಿಯಾರ ಕೂಗುವುದಕ್ಕೂ ಸರಿಹೋಯಿತು, ನಡೆದೇ ದಾಟಿದೆ. ಹೋಗಿ ಬರುವ ದಾರಿಯಾದ್ದರಿಂದ ಹದಿನೇಳನೆಯ ಕಿ.ಮೀ.ಗೆ ಮತ್ತೆ ಅದೇ ಜಾಗ. ಅಷ್ಟರಲ್ಲಿ ಅವರು ಬಟ್ಟೆ ಹಿಂಡಿ ಬುಟ್ಟಿಗೆ ತುಂಬುತ್ತಿದ್ದರು. ಗಡಿಯಾರ ಮತ್ತೆ ಅಲ್ಲೇ ಕೂಗಬೇಕೆ! ಅಜ್ಜಿ ತಲೆಯೆತ್ತಿ ನೋಡಿ, ‘ಏನವ್ವಾ, ಹೋಗುವಾಗಲೂ ನಡೆಯುತ್ತಿದ್ದೆ, ಬರುವಾಗಲೂ ನಡೆಯುತ್ತಿದ್ದೀಯ. ಮತ್ತೆ ಓಡಿದ್ದು ಯಾವಾಗ?’ ಎಂದರು. ಉತ್ತರ ಕೊಡುವಷ್ಟು ಉಸಿರಿತ್ತು, ಉತ್ತರವೇ ಇರಲಿಲ್ಲ.

ಅರ್ಧ ದಾರಿಗೆ ಒಂದು ಗಂಟೆ ಇಪ್ಪತ್ತೆರಡು ನಿಮಿಷ ಆಗಿತ್ತು. ಲೆಕ್ಕ ತಾಳೆಯಾಗುತ್ತಿತ್ತು. ಎಂಟು ಗಂಟೆ ದಾಟುತ್ತಿದ್ದಂತೆ ಮಂಜು ಹರಿದು ಬಿಸಿಲು ಬಂತು. ನಾಲೆಯ ಏರಿಯ ಮೇಲೆ ನೆರಳು ಕಡಿಮೆ. ಹದಿನೆಂಟರ ನಂತರ ಎಡ ಮೀನಖಂಡ ಅದುರತೊಡಗಿತು. ನೋವಲ್ಲ, ಬಾಗಿಲು ತಟ್ಟಿದ ಹಾಗೆ. ಆಗಸ್ಟಿನ ನಾನಾಗಿದ್ದರೆ ಇನ್ನು ಮೂರೇ ಎಂದು ಓಡುತ್ತಿದ್ದೆ. ನಾಲ್ಕು ನಿಮಿಷವನ್ನು ಎರಡಕ್ಕೆ ಇಳಿಸಿದೆ. ಆಮೇಲೆ ಒಂದಕ್ಕೆ. ಇಪ್ಪತ್ತೊಂದರ ಫಲಕ ದಾಟಿದ ಮೇಲೆ ಉಳಿಯಿತಲ್ಲ ಆ 97.5 ಮೀಟರ್, ಅದನ್ನು ಪೂರ್ತಿ ನಡೆದೇ ಮುಗಿಸಿದೆ. ಎರಡು ಗಂಟೆ ಐವತ್ತೊಂದು ನಿಮಿಷ.

ಪ್ರಶ್ನೋತ್ತರದಲ್ಲಿ ಬಂದದ್ದರಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಇಷ್ಟೆಲ್ಲ ಆದ ಮೇಲೆ ಆ ಓಟವನ್ನು ಬಿಟ್ಟುಬಿಡಬಹುದಿತ್ತಲ್ಲ? ಬಿಡಬಹುದಿತ್ತು. ಶುಲ್ಕ ಕಟ್ಟಿದ್ದೆ ಎಂಬುದು ಓಡಲು ಕಾರಣವಾಗಬಾರದು, ಕಟ್ಟಿದ ಹಣ ಓಡಿದರೂ ವಾಪಸು ಬರುವುದಿಲ್ಲ. ನಾನು ನನಗೆ ಮೂರು ಷರತ್ತು ಹಾಕಿಕೊಂಡಿದ್ದೆ. ಹಿಂದಿನ ಭಾನುವಾರದ ಹದಿನೈದು ಕಿ.ಮೀ. ಆದ ಮರುದಿನ ಬೆಳಿಗ್ಗೆ ಕುಂಟದೆ ನಡೆಯಬೇಕು. ಒಂಟಿ ಕಾಲಿನಲ್ಲಿ ಇಪ್ಪತ್ತು ಸಲ ಹಿಮ್ಮಡಿ ಎತ್ತಿದರೆ ನೋಯಬಾರದು. ಓಟದ ವಾರದಲ್ಲಿ ಜ್ವರ, ಎದೆನೋವು, ತಲೆಸುತ್ತು ಯಾವುದೂ ಇರಬಾರದು. ಒಂದು ತಪ್ಪಿದರೂ ನಾನು ಆ ದಿನ ಏರಿಯ ಮೇಲೆ ಚಪ್ಪಾಳೆ ತಟ್ಟಲು ಹೋಗುತ್ತಿದ್ದೆ. ಜ್ವರದಿಂದ ಎದ್ದವರು ವೈದ್ಯರನ್ನು ಕೇಳದೆ ಓಡಲೇಬೇಡಿ, ಕೆಲವು ಸೋಂಕುಗಳು ಹೃದಯದ ಸ್ನಾಯುವನ್ನೂ ಮುಟ್ಟುತ್ತವೆ. ಡೆಂಗಿಯ ಅನುಮಾನವಿದ್ದಾಗ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯವಿದೆ. ನನಗೆ ಕೊಟ್ಟದ್ದು ಪ್ಯಾರಾಸಿಟಮಾಲ್ ಮಾತ್ರ.

ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಆ ಹಾಳೆ ಏನಾಯಿತು ಎಂದು ಕೇಳಿದಳು. ಓಟ ಮುಗಿಸಿ ಬಂದ ಸಂಜೆ, ಹಸಿರು ಪೆನ್ನಿನಿಂದ ಕೊನೆಯ ಚೌಕಕ್ಕಾದರೂ ಗುರುತು ಹಾಕೋಣವೆಂದು ಅದನ್ನು ಬಿಚ್ಚಲು ಹೋದೆ. ಅಭ್ಯಾಸಬಲ, ಮೊದಲು ಮೇಲಿದ್ದ ಹೂವಿನ ಲೆಕ್ಕದ ಮೇಲೆಯೇ ಕಣ್ಣು ಹೋಯಿತು. 20, 21, 22, ಮೂರು ದಿನದ ದುಡ್ಡು ಕೊಟ್ಟಿರಲಿಲ್ಲ, ಅರವತ್ತು ರೂಪಾಯಿ. ಮರುದಿನ ಬೆಳಿಗ್ಗೆ ಹೂವಿನವರು ಕೆಳಗೆ ನಿಂತು ಕೂಗಿದರು. ನಮ್ಮದು ಮಹಡಿಯ ಮನೆ, ಹದಿನೆಂಟು ಮೆಟ್ಟಿಲು. ಎರಡನೆಯ ಮೆಟ್ಟಿಲಿಗೇ ತೊಡೆಗಳು ಬೇಡವೆಂದವು. ಮೇಲಿನಿಂದಲೇ ಬುಟ್ಟಿಗೆ ಹಗ್ಗ ಕಟ್ಟಿ, ಅರವತ್ತು ರೂಪಾಯಿ ಹಾಕಿ ಇಳಿಬಿಟ್ಟೆ. ಬುಟ್ಟಿ ಮೇಲೆ ಬಂದಾಗ ಅದರಲ್ಲಿ ಎರಡು ಮೊಳ ಮಲ್ಲಿಗೆ ಇತ್ತು.